ಬರೆದರೆ ಸಾಲದು, ವಿವರಿಸಲೂ ಬೇಕು

ಹಿಂದೊಮ್ಮೆ ಕಾರ್ಯಕ್ರಮಕ್ಕಾಗಿ ಹಳೆಯ ದೃಶ್ಯವೊಂದನ್ನು ಹುಡುಕುತ್ತಿದ್ದೆ. ಕಪಾಟಿನ ತುಂಬ ಕ್ಯಾಸೆಟ್‌ಗಳು. ಹಲವಕ್ಕೆ ಚೀಟಿಯೇ ಇಲ್ಲ! ಒಂದೊಂದನ್ನೂ ಹಾಕಿ ನೋಡುವುದರಲ್ಲೇ ದಿನ ಕಳೆಯಿತು. ಗಣಕಯಂತ್ರದ ಲೋಕ ಈ ಪಾಠವನ್ನು ಬಹಳ ಬೇಗ ಕಲಿತಿತ್ತು.

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1949ರ ಮೇ 6ರಂದು ‘ಎಡ್ಸ್ಯಾಕ್’ ಗಣಕ ತನ್ನ ಮೊದಲ ಪ್ರೋಗ್ರಾಂ ನಡೆಸಿತು. ಅದಕ್ಕೆ ಭಾಗಾಕಾರದ ನೇರ ಆದೇಶವೇ ಇರಲಿಲ್ಲ. ಇಂಥ ಕೆಲಸಗಳಿಗೆ ಪ್ರತಿಯೊಬ್ಬರೂ ಹೊಸದಾಗಿ ಆದೇಶ ಬರೆಯುವುದೇಕೆ? ಮಾರಿಸ್ ವಿಲ್ಕ್ಸ್ ಅವರ ತಂಡ ಅವನ್ನು ‘ಸಬ್‌ರೂಟೀನ್’ಗಳಾಗಿ ಸಿದ್ಧಪಡಿಸಿ, ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿ ಸಂಗ್ರಹಿಸಿತು.

ಆದರೆ ಪಟ್ಟಿಯ ರಂಧ್ರಗಳನ್ನು ನೋಡಿ ಅದರ ಉಪಯೋಗ ತಿಳಿಯುವುದು ಹೇಗೆ? 1951ರಲ್ಲಿ ವಿಲ್ಕ್ಸ್, ಡೇವಿಡ್ ವೀಲರ್, ಸ್ಟ್ಯಾನ್ಲಿ ಗಿಲ್ ಪುಸ್ತಕವೊಂದನ್ನು ಹೊರತಂದರು. ಸಬ್‌ರೂಟೀನ್ ಏನು ಮಾಡುತ್ತದೆ, ಸ್ಮೃತಿಯಲ್ಲಿ ಎಷ್ಟು ಸ್ಥಳ ಬೇಕು ಎಂಬಂಥ ವಿವರಗಳಿಗೆ ಅದರಲ್ಲಿ ಒಂದು ಭಾಗ. ಆಯ್ದ ಕೆಲವುಗಳ ಒಳಗಿನ ಆದೇಶಗಳಿಗೆ ಪ್ರತ್ಯೇಕ ಭಾಗ. ಬಳಸುವವನಿಗೆ ಮೊದಲನೆಯದು ಸಾಕು. ತಿದ್ದುವವನಿಗೆ, ಕಲಿಯುವವನಿಗೆ ಎರಡನೆಯದೂ ಬೇಕು.

1952ರಲ್ಲಿ ವೀಲರ್ ಇನ್ನೂ ಸ್ಪಷ್ಟವಾಗಿ ಹೇಳಿದರು: ಬರೆದು ಪರೀಕ್ಷಿಸಿದ ಮೇಲೂ, ಒಳರಚನೆ ಅರಿಯದವರೂ ಬಳಸುವಂತೆ ವಿವರಣೆ ಬರೆಯುವ ಕೆಲಸ ಉಳಿದಿರುತ್ತದೆ, ಬಹುಶಃ ಅದೇ ಎಲ್ಲಕ್ಕಿಂತ ಕಷ್ಟ.

ಹಾಗಾದರೆ ವಿವರಣೆ ಎಷ್ಟಿರಬೇಕು? ಅಳತೆ ಪುಟಗಳಲ್ಲಿಲ್ಲ. ಬರೆದವನನ್ನು ಕೇಳದೆ, ಒಳಗೆ ಇಣುಕದೆ, ಅಪರಿಚಿತನೊಬ್ಬ ಬಳಸುವಷ್ಟು ಇರಬೇಕು. ನೀವು ಬರೆದ ಪ್ರೋಗ್ರಾಂ ಅನ್ನು ವಿವರಣೆಯೊಂದಿಗೆ ಗೆಳೆಯನಿಗೆ ಕೊಟ್ಟು, ಮೌನವಾಗಿ ಕುಳಿತು ನೋಡಿ. ಅವನು ತಡವರಿಸಿದ ಕಡೆಯೇ ನೀವು ಬರೆಯದೆ ಬಿಟ್ಟ ವಾಕ್ಯವಿದೆ.