ಓಟಗಾರರ ಕಣಕಾಲು ನೋವು: ‘ಶಿನ್ ಸ್ಪ್ಲಿಂಟ್ಸ್’ ಚಿಕಿತ್ಸೆ ಮತ್ತು ಮುನ್ನೆಚ್ಚರಿಕೆ

ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಜೂನ್ ತಿಂಗಳಿನಿಂದಲೇ ಮೈದಾನಗಳು ಕೆಸರಾಗುತ್ತವೆ. ಶಾಲಾ ಕಾಲೇಜುಗಳ ಕ್ರೀಡಾಪಟುಗಳ ಅಭ್ಯಾಸ ನಿಲ್ಲುತ್ತದೆ. ಆದರೆ ಕ್ರೀಡಾಕೂಟಗಳು ಮಳೆ ಪೂರ್ತಿ ಬಿಡುವವರೆಗೆ ಕಾಯುವುದಿಲ್ಲ. ಮಳೆ ಕೊಂಚ ಬಿಡುವು ಕೊಟ್ಟೊಡನೆ, ಎರಡು ತಿಂಗಳು ಸುಮ್ಮನಿದ್ದ ಕಾಲುಗಳು ಎರಡೇ ವಾರಗಳಲ್ಲಿ ಸ್ಪರ್ಧೆಗೆ ಸಿದ್ಧವಾಗಬೇಕಾಗುತ್ತದೆ. ಪೊಲೀಸ್ ಹಾಗೂ ಸೇನಾ ನೇಮಕಾತಿಯ 1600 ಮೀಟರ್ ಓಟಕ್ಕೆ ಹೆದ್ದಾರಿಯ ಅಂಚಿನಲ್ಲಿ ಮುಂಜಾನೆ ಓಡುವ ಯುವಕರ ಪರಿಸ್ಥಿತಿಯೂ ಇದೇ. ಇಂಥವರನ್ನು ಕಾಡುವ ಸಾಮಾನ್ಯ ತೊಂದರೆಯೇ ‘ಶಿನ್ ಸ್ಪ್ಲಿಂಟ್ಸ್’.

ಏನಿದು ಶಿನ್ ಸ್ಪ್ಲಿಂಟ್ಸ್?

ಮೊಣಕಾಲಿನಿಂದ ಪಾದದ ಗಂಟಿನವರೆಗೆ ಇರುವ ದಪ್ಪ ಎಲುಬಿಗೆ ಟಿಬಿಯಾ ಎಂದು ಹೆಸರು. ಈ ಎಲುಬಿನ ಒಳ ಅಂಚಿನಲ್ಲಿ, ಮುಖ್ಯವಾಗಿ ಕೆಳಗಿನ ಅರ್ಧಭಾಗದಲ್ಲಿ ಕಾಣಿಸಿಕೊಳ್ಳುವ ನೋವನ್ನು ಶಿನ್ ಸ್ಪ್ಲಿಂಟ್ಸ್ ಎನ್ನುತ್ತಾರೆ. ಅಮೆರಿಕದ ವೈದ್ಯಕೀಯ ಸಂಘ 1966ರಲ್ಲಿ ಕ್ರೀಡಾ ಗಾಯಗಳ ಪಾರಿಭಾಷಿಕ ಪಟ್ಟಿ ಸಿದ್ಧಪಡಿಸಿದಾಗ ಈ ಪದಕ್ಕೂ ವ್ಯಾಖ್ಯೆ ನೀಡಿತ್ತು. ಈಗ ವೈದ್ಯರು ಇದನ್ನು ‘ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್’ ಎಂದು ಕರೆಯುತ್ತಾರೆ.

ಎಲುಬು ಜಡವಸ್ತುವಲ್ಲ. ಅದರ ಮೇಲೆ ಭಾರ ಹೆಚ್ಚಿದಾಗ ಮೊದಲು ಹಳೆಯ ಅಂಶ ಕರಗಿ, ಅನಂತರ ಹೊಸ ಅಂಶ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊಸ ತರಬೇತಿಯ ಮೊದಲ ಕೆಲವು ವಾರಗಳಲ್ಲಿ ಎಲುಬು ಗಟ್ಟಿಯಾಗುವ ಬದಲು ತುಸು ದುರ್ಬಲವಾಗಿರುತ್ತದೆ. ಆ ಅವಧಿಯಲ್ಲಿ ವಿಶ್ರಾಂತಿಯಿಲ್ಲದೆ ಓಡಿದರೆ ಎಲುಬಿಗೂ ಅದರ ಹೊರಪೊರೆಗೂ ಪೆಟ್ಟು ಬೀಳುತ್ತದೆ. ಮೀನಖಂಡದ ಆಳದ ಸ್ನಾಯುಗಳ ಎಳೆತವೂ ಇದಕ್ಕೆ ಸೇರುತ್ತದೆ. ಹೊಸದಾಗಿ ಸೇನೆ ಸೇರಿದವರಲ್ಲಿ ಈ ನೋವು ಹೆಚ್ಚಾಗಿ ಕಾಣುವುದಕ್ಕೆ ಇದೇ ಕಾರಣ.

ಯಾರಿಗೆ ಹೆಚ್ಚು ಅಪಾಯ?

ಓಟದ ದೂರ ಅಥವಾ ವೇಗವನ್ನು ಒಮ್ಮೆಲೇ ಹೆಚ್ಚಿಸಿದವರು, ಚಪ್ಪಟೆ ಪಾದ ಹೊಂದಿದವರು, ದೇಹತೂಕ ಹೆಚ್ಚಿರುವವರು ಹಾಗೂ ಈ ಹಿಂದೆ ಇದೇ ನೋವು ಅನುಭವಿಸಿದವರು ಎಚ್ಚರದಿಂದಿರಬೇಕು. ಪುರುಷರಿಗಿಂತ ಮಹಿಳೆಯರಲ್ಲಿ ಈ ತೊಂದರೆ ಹೆಚ್ಚು. ಡಾಂಬರು ಹಾಗೂ ಕಾಂಕ್ರೀಟ್ ರಸ್ತೆ, ಬಿಸಿಲಿಗೆ ಕಲ್ಲಿನಂತಾಗುವ ಜಂಬಿಟ್ಟಿಗೆ ಮಣ್ಣಿನ ಮೈದಾನ, ಸವೆದ ಶೂ ಇವೆಲ್ಲ ಕಾಲಿನ ಹೊರೆಯನ್ನು ಹೆಚ್ಚಿಸಬಲ್ಲವು.

ಇದು ಓಟಗಾರರಿಗಷ್ಟೇ ಸೀಮಿತವಲ್ಲ. ಕಬಡ್ಡಿ, ವಾಲಿಬಾಲ್, ಖೊ ಖೊ ಆಟಗಾರರಿಗೂ ನೃತ್ಯ ಕಲಾವಿದರಿಗೂ ಬರುತ್ತದೆ. 1934ರಲ್ಲಿ ಆರಂಭವಾದ ಕೆರೆಮನೆಯ ಇಡಗುಂಜಿ ಮೇಳದ ನೆಲೆಯಾದ ಹೊನ್ನಾವರ ತಾಲೂಕಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿಯುವ ಮಕ್ಕಳು ಅನೇಕ. ಬರಿಗಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ತಾಸುಗಟ್ಟಲೆ ಕುಣಿಯುವವರು ಈ ನೋವನ್ನು ‘ಅಭ್ಯಾಸದ ನೋವು’ ಎಂದು ತಳ್ಳಿಹಾಕಬಾರದು.

ಲಕ್ಷಣಗಳು

ಪ್ರಾರಂಭದಲ್ಲಿ ಓಟ ಆರಂಭಿಸಿದಾಗ ನೋವು ಕಾಣಿಸಿಕೊಂಡು, ಮೈ ಬಿಸಿಯಾದಂತೆ ಕಡಿಮೆಯಾಗುತ್ತದೆ. ಇದರಿಂದಾಗಿಯೇ ಅನೇಕರು ಅದನ್ನು ಅಲಕ್ಷಿಸುತ್ತಾರೆ. ಮುಂದಿನ ಹಂತದಲ್ಲಿ ನೋವು ಓಟದುದ್ದಕ್ಕೂ ಇರುತ್ತದೆ. ಕೊನೆಗೆ ನಡೆಯುವಾಗಲೂ ಬಿಡುವುದಿಲ್ಲ. ಎಲುಬಿನ ಒಳ ಅಂಚನ್ನು ಬೆರಳಿನಿಂದ ಒತ್ತುತ್ತಾ ಹೋದರೆ ಕನಿಷ್ಠ 5 ಸೆಂ.ಮೀ., ಅಂದರೆ ಸುಮಾರು ಮೂರು ಬೆರಳ ಅಗಲದಷ್ಟು ಉದ್ದಕ್ಕೆ ನೋವಿರುತ್ತದೆ.

ಯಾವ ನೋವು ಕಾಯಲಾರದು?

ಇದೇ ಜಾಗದಲ್ಲಿ ಕಾಣಿಸಿಕೊಳ್ಳುವ ಬೇರೆ ತೊಂದರೆಗಳೂ ಇವೆ. ಕೆಳಗಿನ ಚಿಹ್ನೆಗಳಿದ್ದರೆ ಮನೆಮದ್ದು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

* ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ರಾತ್ರಿ ಮಲಗಿದಾಗಲೂ ನೋವು, ಒಂಟಿಕಾಲಿನಲ್ಲಿ ಜಿಗಿಯಲಾಗದ ಸ್ಥಿತಿ: ಎಲುಬಿನಲ್ಲಿ ಕೂದಲೆಳೆಯ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು.
* ಓಡಿದಂತೆ ಕಾಲು ಬಿಗಿದು ಪಾದ ಜೋಮು ಹಿಡಿಯುವುದು, ನಿಂತೊಡನೆ ಶಮನವಾಗುವುದು: ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಶಂಕೆ. ಪೆಟ್ಟು ಬಿದ್ದ ನಂತರ ಅಥವಾ ವಿಪರೀತ ಶ್ರಮದ ನಂತರ ಬಿಗಿತ ಮತ್ತು ನೋವು ಇಳಿಯದೆ ಏರುತ್ತಿದ್ದರೆ ಅದು ತುರ್ತು ಪರಿಸ್ಥಿತಿ.
* ಮೀನಖಂಡ ಊದಿ, ಕೆಂಪಾಗಿ, ಬಿಸಿಯಾಗುವುದು: ರಕ್ತನಾಳದಲ್ಲಿ ಹೆಪ್ಪುಗಟ್ಟುವಿಕೆ ಅಥವಾ ಸೋಂಕು ಇರಬಹುದು.

ಬಿರುಕು ಬಿಟ್ಟ ಮೊದಲ ಎರಡು ಮೂರು ವಾರಗಳಲ್ಲಿ ಅದು ಎಕ್ಸ್-ರೇಯಲ್ಲಿ ಕಾಣದಿರುವುದೇ ಹೆಚ್ಚು. ಆದ್ದರಿಂದ ‘ಎಕ್ಸ್-ರೇ ಸರಿಯಿದೆ, ಓಡಬಹುದು’ ಎಂಬ ತೀರ್ಮಾನ ಸಲ್ಲದು. ಶಂಕೆ ಉಳಿದರೆ ಎಂಆರ್‌ಐ ನಿಖರವಾದ ಪರೀಕ್ಷೆ. ಹೆಚ್ಚಿನ ಚಿಕಿತ್ಸೆಗೆ ಮಣಿಪಾಲ, ಮಂಗಳೂರು ಅಥವಾ ಹುಬ್ಬಳ್ಳಿಗೆ ತೆರಳುವುದು ಈ ಭಾಗದ ಜನರ ರೂಢಿ. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿ.ಮೀ. ದೂರ. ಒಂದು ದಿನದ ದುಡಿಮೆ ಹಾಗೂ ಪ್ರಯಾಣ ವೆಚ್ಚದ ಪ್ರಶ್ನೆ ಇರುವಲ್ಲಿ ಯಾವ ನೋವಿಗೆ ವಿಶ್ರಾಂತಿ ಸಾಕು, ಯಾವುದಕ್ಕೆ ಆಸ್ಪತ್ರೆ ಬೇಕು ಎಂಬ ಅರಿವು ಮುಖ್ಯ.

ಚಿಕಿತ್ಸೆ

ಮೊದಲ ಔಷಧ ವಿಶ್ರಾಂತಿ. ಸಾಮಾನ್ಯವಾಗಿ 2ರಿಂದ 6 ವಾರ ಓಟ ಮತ್ತು ಜಿಗಿತ ನಿಲ್ಲಿಸಬೇಕು. ಹಳೆಯ ನೋವಾದರೆ ಇನ್ನೂ ಹೆಚ್ಚು ಕಾಲ ಬೇಕಾಗಬಹುದು. ಹಾಗೆಂದು ಹಾಸಿಗೆ ಹಿಡಿಯಬೇಕಿಲ್ಲ. ನೋವಾಗದಿದ್ದರೆ ಸೈಕಲ್ ತುಳಿಯುವುದು, ಸುರಕ್ಷಿತ ಸ್ಥಳದಲ್ಲಿ ಈಜುವುದು ದಮ್ಮನ್ನು ಕಾಪಾಡುತ್ತದೆ.

ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಟ್ಟರೆ ನೋವು ತಗ್ಗುತ್ತದೆ. ಮೀನುಗಾರಿಕೆಯ ಊರುಗಳಲ್ಲಿ ಮಂಜುಗಡ್ಡೆಗೆ ಕೊರತೆಯಿಲ್ಲ. ಆದರೆ ಅದನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಪ್ಯಾರಸಿಟಮಾಲ್ ಸಾಮಾನ್ಯವಾಗಿ ಸಾಕು. ಐಬುಪ್ರೊಫೇನ್‌ನಂತಹ ಮಾತ್ರೆಗಳನ್ನು ಹೊಟ್ಟೆಹುಣ್ಣು, ಆಸ್ತಮಾ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು. ನೋವಿನ ಮಾತ್ರೆ ನುಂಗಿ ಸ್ಪರ್ಧೆಗೆ ಇಳಿಯುವುದು ಬಿರುಕಿಗೆ ಆಹ್ವಾನ ನೀಡಿದಂತೆ. ನೋಯುವ ಎಲುಬಿನ ಮೇಲೆಯೇ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದೂ ತರವಲ್ಲ.

ನೋವು ಇಳಿದ ಮೇಲೆ ಮೀನಖಂಡಕ್ಕೆ ಬಲ ತುಂಬಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮವನ್ನು ಮೊದಲು ಎರಡೂ ಕಾಲಿನಲ್ಲಿ, ನಂತರ ಒಂದೊಂದೇ ಕಾಲಿನಲ್ಲಿ ಮಾಡಬೇಕು. ತೊಡೆ ಮತ್ತು ಸೊಂಟದ ಸ್ನಾಯುಗಳಿಗೂ ವ್ಯಾಯಾಮ ಅಗತ್ಯ.

ಮರಳಿ ಮೈದಾನಕ್ಕೆ

30 ನಿಮಿಷ ನೋವಿಲ್ಲದೆ ಬಿರುಸಾಗಿ ನಡೆಯಲು, ನೋವಿಲ್ಲದೆ ಒಂಟಿಕಾಲಿನಲ್ಲಿ ಜಿಗಿಯಲು ಸಾಧ್ಯವಾದ ಮೇಲಷ್ಟೇ ಓಟ ಆರಂಭಿಸಬೇಕು. ಒಂದು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ, ಹೀಗೆ 20 ನಿಮಿಷ, ದಿನ ಬಿಟ್ಟು ದಿನ ಮಾಡಬಹುದು. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ಹಂತಕ್ಕೆ ಮರಳಬೇಕು. ಮೊದಲು ದೂರವನ್ನು, ಅನಂತರ ವೇಗವನ್ನು ಹೆಚ್ಚಿಸುವುದು ಕ್ಷೇಮ.

ಮುನ್ನೆಚ್ಚರಿಕೆ

* ಮಳೆಗಾಲದಲ್ಲಿ ಅಭ್ಯಾಸವನ್ನು ಸಂಪೂರ್ಣ ಬಿಡಬಾರದು. ಶಾಲೆಯ ಜಗುಲಿಯಲ್ಲಿ ಹಿಮ್ಮಡಿ ವ್ಯಾಯಾಮ, ಬಸ್ಕಿ, ಸ್ಕಿಪ್ಪಿಂಗ್ ಮಿತವಾಗಿ ಮುಂದುವರಿಸಿದರೆ ಎಲುಬು ಭಾರವನ್ನು ಮರೆಯುವುದಿಲ್ಲ.
* ವಾರಕ್ಕೆ ಶೇ. 10ರ ಆಸುಪಾಸಿಗಿಂತ ಹೆಚ್ಚು ದೂರ ಏರಿಸದಿರುವುದು ಒಳ್ಳೆಯ ರೂಢಿ. ವಾರಕ್ಕೆ ಒಂದೆರಡು ದಿನ ಬಿಡುವು ಕಡ್ಡಾಯ.
* ಕಡಲತೀರದಲ್ಲಿ ಓಡುವವರು ಇಳಿತದ ವೇಳೆ ಸಿಗುವ ಒದ್ದೆಯಾದ, ಗಟ್ಟಿಯಾದ, ಸಮತಟ್ಟಾದ ಮರಳನ್ನು ಆರಿಸಿಕೊಳ್ಳಬೇಕು. ಒಣ ಮರಳು ಮೀನಖಂಡವನ್ನು ಬೇಗ ದಣಿಸುತ್ತದೆ. ಇಳಿಜಾರಿನ ತೀರದಲ್ಲಿ ಒಂದೇ ದಿಕ್ಕಿಗೆ ಓಡಿದರೆ ಎರಡು ಕಾಲುಗಳ ಮೇಲೆ ಬೀಳುವ ಭಾರ ಅಸಮವಾಗುತ್ತದೆ.
* ಶೂಗಳನ್ನು ಸುಮಾರು 500ರಿಂದ 800 ಕಿ.ಮೀ. ಓಟದ ನಂತರ ಬದಲಿಸುವುದು ಉತ್ತಮ. ಆಘಾತ ತಗ್ಗಿಸುವ ಒಳಅಟ್ಟೆ ಕೆಲವರಿಗೆ ನೆರವಾಗುತ್ತದೆ.
* ಉದ್ದನೆಯ ಹೆಜ್ಜೆಗಳ ಬದಲು ಚಿಕ್ಕ, ಚುರುಕು ಹೆಜ್ಜೆ ಹಾಕಿದರೆ ಎಲುಬಿನ ಹೊರೆ ಇಳಿಯುತ್ತದೆ.
* ಹಾಲು, ಮೊಸರು, ರಾಗಿ, ಎಲುಬು ಸಮೇತ ತಿನ್ನುವ ಸಣ್ಣ ಮೀನು ಕ್ಯಾಲ್ಸಿಯಂ ಒದಗಿಸುತ್ತವೆ. ಬರಿಹೊಟ್ಟೆಯಲ್ಲಿ ದಿನವೂ ಕಠಿಣ ಅಭ್ಯಾಸ ಬೇಡ.

ಅಭ್ಯಾಸ ನಿರತ ಬಾಲಕಿಯರಲ್ಲಿ ಮೂರು ತಿಂಗಳು ಮುಟ್ಟು ನಿಂತಿದ್ದು ಕಣಕಾಲು ನೋವೂ ಇದ್ದರೆ ಅದನ್ನು ಗಂಭೀರವಾಗಿ ಪರಿಗಣಿಸಬೇಕು. ಆಹಾರ ಸಾಲದೆ ಎಲುಬು ಸೊರಗುತ್ತಿರುವ ಸೂಚನೆ ಅದಾಗಿರಬಹುದು. ಸಂಕೋಚದಿಂದ ಮಕ್ಕಳು ಇದನ್ನು ಹೇಳುವುದಿಲ್ಲ. ತಾಯಂದಿರು ಮತ್ತು ದೈಹಿಕ ಶಿಕ್ಷಕರು ತಾವಾಗಿಯೇ ವಿಚಾರಿಸುವುದು ಒಳಿತು.

ಶಿನ್ ಸ್ಪ್ಲಿಂಟ್ಸ್ ವಾಸಿಯಾಗುವ ತೊಂದರೆ. ಆರಂಭದಲ್ಲೇ ಎರಡು ವಾರ ನಿಂತವನು ಹಂಗಾಮು ಮುಗಿಯುವುದರೊಳಗೆ ಮೈದಾನಕ್ಕೆ ಮರಳಬಲ್ಲ. ನಿಲ್ಲದೆ ಓಡಿ ಬಿರುಕು ತಂದುಕೊಂಡವನು ಇಡೀ ವರ್ಷದ ಅವಕಾಶವನ್ನು ಕಳೆದುಕೊಳ್ಳಬಹುದು. ನೇಮಕಾತಿಗೆ ವಯೋಮಿತಿಯ ಕೊನೆಯ ವರ್ಷದಲ್ಲಿರುವ ಯುವಕನಿಗೆ ಆ ಅವಕಾಶ ಮತ್ತೆ ಬಾರದು. ಕಾಲು ನೋವೆಂದು ಹೇಳುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರಿಸದೆ ಒಮ್ಮೆ ಅವನ ಕಾಲು ಮುಟ್ಟಿ ನೋಡುವುದು ತರಬೇತುದಾರರ ಮೊದಲ ಕರ್ತವ್ಯ.