ಬಣ್ಣದ ಪಟ್ಟಿ ಮತ್ತು ಹಳೆಯ ಆಟಗಳು

ಹಳೆಯ ತಂತ್ರಾಂಶಗಳು ಹೊಸ ಗಣಕದ ಪರದೆಯ ಮೇಲೆ ವಿಕಾರವಾದ ಬಣ್ಣಗಳನ್ನು ತೋರಿಸುವುದಕ್ಕೆ ಮೂಲಕಾರಣ 1980ರ ದಶಕದ ಮೆಮೊರಿಯ ಅಭಾವ. 1987ರಲ್ಲಿ ಐಬಿಎಂ ಸಂಸ್ಥೆಯು ಪಿಎಸ್/2 ಗಣಕಗಳೊಡನೆ ಹೊರತಂದ ವಿಜಿಎ ಎಂಬ ಚಿತ್ರವ್ಯವಸ್ಥೆಯಲ್ಲಿ ಪರದೆಯ ಚಿತ್ರಕ್ಕೆಂದು ಇದ್ದದ್ದು 256 ಕಿಲೋಬೈಟ್ ಮಾತ್ರ. ಆದರೆ ಅಡ್ಡಕ್ಕೆ 640, ಉದ್ದಕ್ಕೆ 480 ಪಿಕ್ಸೆಲ್‌ಗಳ, ಅಂದರೆ ಚುಕ್ಕೆಗಳ, ಪರದೆಯಲ್ಲಿ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದು ಬೈಟ್ ಕೊಟ್ಟರೆ 9,21,600 ಬೈಟ್‌ಗಳು ಬೇಕಾಗುತ್ತಿದ್ದವು. ಆದುದರಿಂದ ಚುಕ್ಕೆಯ ಜಾಗದಲ್ಲಿ ಬಣ್ಣವನ್ನು ಬರೆಯದೆ ಒಂದು ಸಂಖ್ಯೆಯನ್ನಷ್ಟೇ ಬರೆದು, ಆ ಸಂಖ್ಯೆಗೆ ಯಾವ ಬಣ್ಣವೆಂಬುದನ್ನು ಪ್ಯಾಲೆಟ್ ಎಂಬ ಪ್ರತ್ಯೇಕ ಪಟ್ಟಿಯಲ್ಲಿ ಇಡಲಾಯಿತು. 320×200 ಚುಕ್ಕೆಗಳ ವಿಧಾನದಲ್ಲಿ ಈ ಪಟ್ಟಿಗೆ 256 ಮನೆಗಳಿದ್ದು, ಅವನ್ನು 2,62,144 ಬಣ್ಣಗಳಿಂದ ಆರಿಸಿ ತುಂಬಬಹುದಿತ್ತು. ಚಿತ್ರವನ್ನು ಮತ್ತೆ ಬರೆಯದೆ ಕೆಲವು ಮನೆಗಳ ಬಣ್ಣಗಳನ್ನು ಸರದಿಯಂತೆ ಸರಿಸುತ್ತ ಹೋದರೆ ಪರದೆಯ ಮೇಲೆ ನೀರು ಹರಿಯುವಂತೆ, ಬೆಂಕಿ ಉರಿಯುವಂತೆ ತೋರುತ್ತಿತ್ತು. ಇಷ್ಟು ಅಲ್ಪ ಸಾಧನದಿಂದ ಅಂಥ ಜೀವಂತ ದೃಶ್ಯಗಳನ್ನು ಮೂಡಿಸಿದ ಚಿತ್ರಕಾರರ ಕೌಶಲಕ್ಕೆ ಗಣಕದ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲ.

ಪಟ್ಟಿ ಒಂದೇ, ಬಳಸುವವರು ಹಲವರು ಎಂದಾಗ ತೊಡಕು ಆರಂಭವಾಯಿತು. 1990ರ ವಿಂಡೋಸ್ 3.0 ಈ ಪಟ್ಟಿಯಲ್ಲಿ 20 ಬಣ್ಣಗಳನ್ನು ತನಗೆಂದು ಕಾದಿರಿಸಿಕೊಂಡು, ಉಳಿದ ಮನೆಗಳ ಮೇಲಿನ ಮೊದಲ ಹಕ್ಕನ್ನು ಮುಂದಿರುವ ಕಿಟಕಿಗೆ ಕೊಡುತ್ತಿತ್ತು. ಹಿಂದಿನ ಕಿಟಕಿಗಳು ಸಿಕ್ಕ ಬಣ್ಣಗಳಲ್ಲೇ ಹೊಂದಿಕೊಳ್ಳಬೇಕಾದುದರಿಂದ ಅವುಗಳ ಚಿತ್ರಗಳು ಕೆಡುತ್ತಿದ್ದವು. 1995ರಲ್ಲಿ ಬಂದ ಡೈರೆಕ್ಟ್‌ಡ್ರಾ, ಅಂದರೆ ಚಿತ್ರಮೆಮೊರಿಯನ್ನು ಆಟಗಳಿಗೆ ನೇರವಾಗಿ ಒದಗಿಸುವ ಸೌಲಭ್ಯ, ಪೂರ್ಣಪರದೆಯ ಆಟಕ್ಕೆ ಪಟ್ಟಿಯನ್ನೇ ಬಿಟ್ಟುಕೊಟ್ಟಿತು. 1998ರ ಸ್ಟಾರ್‌ಕ್ರಾಫ್ಟ್, 1999ರ ಏಜ್ ಆಫ್ ಎಂಪೈರ್ಸ್ 2 ಇದನ್ನೇ ನಂಬಿ ರಚಿತವಾದವು.

ಆ ನಂಬಿಕೆ ವಿಂಡೋಸ್ ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಮುರಿಯಿತು. ಅಲ್ಲಿ ಡೆಸ್ಕ್‌ಟಾಪನ್ನು ನೋಡಿಕೊಳ್ಳುವ ಎಕ್ಸ್‌ಪ್ಲೋರರ್ ಹಿನ್ನೆಲೆಯಲ್ಲಿದ್ದುಕೊಂಡೇ ಪಟ್ಟಿಯ ಕೆಲವು ಮನೆಗಳನ್ನು ತಿದ್ದಿಬಿಡುತ್ತಿದ್ದುದರಿಂದ ಏಜ್ ಆಫ್ ಎಂಪೈರ್ಸ್‌ನ ಹುಲ್ಲು ನೇರಳೆಯಾಗಿ, ನೀರು ಕೆಂಪಾಗಿ ಕಂಡವು. ಬಳಕೆದಾರರು ಟಾಸ್ಕ್ ಮ್ಯಾನೇಜರ್‌ನಿಂದ ಎಕ್ಸ್‌ಪ್ಲೋರರನ್ನು ನಿಲ್ಲಿಸಿ ಆಟ ತೆರೆಯುವ, ಇಲ್ಲವೇ ಪರದೆಯ ರೆಸಲ್ಯೂಶನ್ ಬದಲಿಸುವ ಕಿಟಕಿಯನ್ನು ಹಿಂದೆ ತೆರೆದಿಡುವ ಉಪಾಯಗಳನ್ನು ತಾವೇ ಕಂಡುಕೊಂಡರು. ಹಳೆಯ ತಂತ್ರಾಂಶಗಳಿಗೆಂದು ವಿಂಡೋಸ್ ಇಟ್ಟಿದ್ದ ಹೊಂದಾಣಿಕೆಯ ವಿಭಾಗದಲ್ಲಿದ್ದ 256 ಬಣ್ಣಗಳ ಆಯ್ಕೆಯೊಂದೇ ಅನೇಕ ವೇಳೆ ಸಾಲದಾಗುತ್ತಿತ್ತು, ಏಕೆಂದರೆ ಕೊರತೆಯಿದ್ದದ್ದು ಬಣ್ಣಗಳ ಸಂಖ್ಯೆಯಲ್ಲಲ್ಲ, ಪಟ್ಟಿಯ ಒಡೆತನದಲ್ಲಿ.

2012ರ ವಿಂಡೋಸ್ 8 ಕಡಿಮೆ ಬಣ್ಣಗಳ ವಿಧಾನಗಳನ್ನು ಕೈಬಿಟ್ಟು ಅವುಗಳ ಅನುಕರಣೆಯನ್ನಷ್ಟೇ ಉಳಿಸಿಕೊಂಡಿತು. ಇಂದು ಹೆಚ್ಚು ಭರವಸೆಯ ಪರಿಹಾರವೆಂದರೆ ಸಿಎನ್‌ಸಿ-ಡಿಡ್ರಾದಂಥ ಮಧ್ಯವರ್ತಿ ತಂತ್ರಾಂಶ. ಆಟದ ಫೋಲ್ಡರ್‌ನಲ್ಲಿಯೇ ಇರುವ ಅದು ಡೈರೆಕ್ಟ್‌ಡ್ರಾಗೆ ಹೋಗುವ ಆದೇಶಗಳನ್ನು ತಾನು ಪಡೆದು, ಆಟದ ಪಟ್ಟಿಯನ್ನು ಬೇರೆ ಯಾರೂ ಮುಟ್ಟದಂತೆ ಇಟ್ಟುಕೊಂಡು, ಪ್ರತಿ ಸಂಖ್ಯೆಯನ್ನೂ ಪೂರ್ಣ ಬಣ್ಣವಾಗಿ ಪರಿವರ್ತಿಸುತ್ತದೆ. ಬಣ್ಣ ಕೆಟ್ಟಿತೆಂದು ಆಟದ ಚಿತ್ರಕಡತಗಳನ್ನೇ ತಿದ್ದಲು ಯಾರೂ ಹೊರಡಬಾರದು. ಆ ಕಡತಗಳಲ್ಲಿ ಕೆಟ್ಟಿರುವುದೇನೂ ಇಲ್ಲ.