ಫ್ರಾನ್ಸಿಗೆ ಸೇರದ ಫ್ರೆಂಚ್ ಡ್ರೈನ್

ನೀರು ಬಸಿದು ಹೋಗಲು ಕಲ್ಲು, ಜಲ್ಲಿ ತುಂಬಿದ ಕಾಲುವೆಗೆ ಫ್ರೆಂಚ್ ಡ್ರೈನ್ ಎನ್ನುತ್ತಾರೆ. ಆ ಹೆಸರು ಕೇಳಿದೊಡನೆ ಫ್ರಾನ್ಸ್ ನೆನಪಾಗುತ್ತದೆ. ಆದರೆ ಅದು ಅಮೆರಿಕನ್ನರೊಬ್ಬರ ಹೆಸರು.

ಹೆನ್ರಿ ಫ್ಲ್ಯಾಗ್ ಫ್ರೆಂಚ್ ನ್ಯೂ ಇಂಗ್ಲೆಂಡಿನ ವಕೀಲರು, ನ್ಯಾಯಾಧೀಶರು, ಮನಸ್ಸೆಲ್ಲ ಬೇಸಾಯದಲ್ಲಿ. 1859ರಲ್ಲಿ ಬಂದ ಅವರ ‘ಫಾರ್ಮ್ ಡ್ರೈನೇಜ್’ ಪುಸ್ತಕದ ತುಂಬ ಹೊಲದ ಬಸಿಗಾಲುವೆಗಳದೇ ಮಾತು. ಆದರೂ ಒಂದು ಅಧ್ಯಾಯವನ್ನು ಅವರು ಮನೆಯ ನೆಲಮಾಳಿಗೆಗೆ ಮೀಸಲಿಟ್ಟರು. ಆ ಚಳಿನಾಡಿನಲ್ಲಿ ಚಳಿಗಾಲದ ದಿನಸಿ ಉಳಿಯುತ್ತಿದ್ದುದು ಅಲ್ಲೇ. ಅಲ್ಲಿ ನೀರು ನಿಂತರೆ ಆರೋಗ್ಯವೂ ಕೆಟ್ಟಂತೆ. ಸಿಮೆಂಟ್ ಮೆತ್ತಿದರೆ ಸಾಕೆಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ನೀರಿಗೆ ತಗ್ಗಿನ ದಾರಿ ತೋಡಿಕೊಡಿ ಎಂದರು.

ಕಲ್ಲು ತುಂಬಿದ ಕಾಲುವೆ ಅವರಿಗಿಂತ ಹಳೆಯದು, ನಿಜ. ಅದನ್ನು ವಿವರವಾಗಿ ಬರೆದು ಹಂಚಿದ್ದು ಅವರ ದೊಡ್ಡತನ.

ಈಗ ಫ್ರೆಂಚ್ ಡ್ರೈನ್‌ಗಾಗಿ ಅಡಿಪಾಯದ ಬದಿಯಲ್ಲಿ ಇಳಿಜಾರಾಗಿ ತೋಡಿ, ಜಲ್ಲಿಯ ನಡುವೆ ತೂತಿನ ಪೈಪು ಹೂಳುತ್ತಾರೆ.